ಶಟರ್ ಹೋಗಿದೆ ಎಂದು ಬಂದ ಕ್ಯಾಮೆರಾ

ಜನವರಿಯ ಒಂದು ಬೆಳಿಗ್ಗೆ. ನನ್ನ ಕ್ಯಾಮೆರಾ ದುರಸ್ತಿ ಅಂಗಡಿಯ ಬಾಗಿಲು ತೆಗೆಯಲು ಹೋದಾಗ ಕುಂದಾಪುರದ ಕಡೆಯ ಯುವಕನೊಬ್ಬ ಮೆಟ್ಟಿಲ ಮೇಲೆ ಕುಳಿತಿದ್ದ. ರಾತ್ರಿಯಿಡೀ ಯಕ್ಷಗಾನದ ಆಟದಲ್ಲಿ ಕಳೆದ ಕಣ್ಣುಗಳು ಕೆಂಪಾಗಿದ್ದವು. ಮದುವೆ, ಗೃಹಪ್ರವೇಶಗಳ ಫೋಟೋ ತೆಗೆಯುವುದು ಅವನ ಹೊಟ್ಟೆಪಾಡು. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಬಯಲಾಟಗಳ ಫೋಟೋ ತೆಗೆಯುವುದು ಅವನ ಹುಚ್ಚು. ಚೀಲದಿಂದ ಕ್ಯಾಮೆರಾವನ್ನು ತೆಗೆದು ಮೇಜಿನ ಮೇಲಿಟ್ಟು ಒಂದೇ ಮಾತು ಹೇಳಿದ: "ಶಟರ್ ಹೋಗಿದೆಯಂತೆ."

ಆ 'ಅಂತೆ'ಯನ್ನು ನಾನು ಹಿಡಿದುಕೊಂಡೆ. ಯಾರು ಹೇಳಿದರು, ಏನು ನೋಡಿ ಹೇಳಿದರು ಎಂದು ಕೇಳಿದೆ. ಪಟ್ಟಣದ ಅಂಗಡಿಯೊಂದರಲ್ಲಿ ಎರಡು ಫೋಟೋ ನೋಡಿದ್ದರು, ನಾಲ್ಕು ಬಾರಿ ಗುಂಡಿ ಒತ್ತಿದ್ದರು, ಇಡೀ ಶಟರ್ ಘಟಕವನ್ನೇ ಬದಲಿಸಬೇಕೆಂದು ತೀರ್ಪು ಕೊಟ್ಟಿದ್ದರು. ಅವರು ಹೇಳಿದ ಖರ್ಚು, ಅದೇ ಮಾದರಿಯ ಬಳಸಿದ ಕ್ಯಾಮೆರಾ ಸಿಗುವ ಬೆಲೆಯ ಅರ್ಧಕ್ಕಿಂತ ಹೆಚ್ಚು. ಆ ದುಡ್ಡು ಅವನ ಬಳಿ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಮೇಳಗಳ, ಅಂದರೆ ಯಕ್ಷಗಾನ ತಂಡಗಳ, ತಿರುಗಾಟ ನಡುವಿನಲ್ಲಿತ್ತು. ದೀಪಾವಳಿಯ ನಂತರ ಹೊರಟ ಮೇಳಗಳು ಮೇ ಕೊನೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವವರೆಗೆ ಅವನಿಗೆ ಕ್ಯಾಮೆರಾ ಬೇಕೇ ಬೇಕು.

ಸಾಧಾರಣ ದರ್ಜೆಯ, ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಅದು. ಲೆನ್ಸ್ ಎರಡು: ಎಫ್ 1.8ರ 50 ಎಂಎಂ ಮತ್ತು ಎಫ್ 2.8ರ 70-200 ಜೂಮ್. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ಹೆಚ್ಚು ತೆರೆಯುತ್ತದೆ. ದೂರುಗಳು ಮೂರು. ಫೋಟೋಗಳಲ್ಲಿ ಕಪ್ಪು ಪಟ್ಟಿ ಬರುತ್ತದೆ. ಗುಂಡಿ ಒತ್ತಿದರೆ ಎಷ್ಟೋ ಸಲ ಕ್ಲಿಕ್ ಆಗುವುದಿಲ್ಲ. ಕ್ಲಿಕ್ ಆದರೂ ವೇಷಧಾರಿಯ ಕಣ್ಣು ಮಸುಕು. ಮೂರಕ್ಕೂ ಒಂದೇ ಕಾರಣ ಎಂದು ಅವನೂ ನಂಬಿದ್ದ, ಅಂಗಡಿಯವರೂ ನಂಬಿದ್ದರು. ಆ ನಂಬಿಕೆಯನ್ನು ಒಡೆಯಲು ನನಗೆ ಐದು ದಿನ ಹಿಡಿಯಿತು. ಅದರಲ್ಲಿ ಮೂರು ದಿನ ನನ್ನದೇ ಆತುರದಿಂದ ಹೋಯಿತು. ಅದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ಫೋಟೋಗಳು

ಕ್ಯಾಮೆರಾ ಬಿಚ್ಚುವ ಮೊದಲು ಅದು ತೆಗೆದ ಚಿತ್ರಗಳನ್ನು ನೋಡುವುದು ನನ್ನ ಪದ್ಧತಿ. ಹಿಂದಿನ ರಾತ್ರಿಯ 640 ಫ್ರೇಮ್‌ಗಳನ್ನು ಒಂದೊಂದಾಗಿ ದೊಡ್ಡ ಪರದೆಯ ಮೇಲೆ ತಿರುವಿದೆ. ಪಟ್ಟಿ ಇದ್ದದ್ದು ನಿಜ. ಕೇದಗೆ ಮುಂದಲೆ ಎಂಬ ಶಿರೋಭೂಷಣ ಕಟ್ಟಿದ ಪುಂಡುವೇಷವೊಂದರ (ತರುಣ ವೀರನ ವೇಷ) ಹಣೆ ಬೆಳ್ಳಗೆ ಹೊಳೆಯುತ್ತಿತ್ತು, ಎದೆಯಿಂದ ಕೆಳಗೆ ಕಂದುಗತ್ತಲು. ಮುಂದಿನ ಫ್ರೇಮ್‌ನಲ್ಲಿ ಅದೇ ವೇಷ ಅದೇ ನಿಲುವಿನಲ್ಲಿದೆ, ಆದರೆ ಈ ಸಲ ಕತ್ತಲು ಮೇಲೆ, ಬೆಳಕು ಕೆಳಗೆ. ಮೂರನೆಯದರಲ್ಲಿ ಪಟ್ಟಿಯೇ ಇಲ್ಲ.

ಪಟ್ಟಿ ಜಾಗ ಬದಲಿಸುತ್ತಿತ್ತು, ಅಂಚು ಮೆತ್ತಗಿತ್ತು. ಈ ಎರಡನ್ನೂ ಕಾಗದದ ಮೇಲೆ ಬರೆದುಕೊಂಡೆ.

ಇಂತಹ ಕ್ಯಾಮೆರಾಗಳ ಶಟರ್ ಎಂದರೆ ಸೆನ್ಸರ್‌ನ ಮುಂದೆ ಮೇಲಿನಿಂದ ಕೆಳಕ್ಕೆ ಓಡುವ ಎರಡು ತೆರೆಗಳು. ಮೊದಲ ತೆರೆ ಸರಿದು ಬೆಳಕನ್ನು ಬಿಡುತ್ತದೆ, ಎರಡನೆಯದು ಹಿಂದೆಯೇ ಓಡಿಬಂದು ಮುಚ್ಚುತ್ತದೆ. ಇಡೀ ಚೌಕಟ್ಟನ್ನು ದಾಟಲು ಒಂದು ತೆರೆಗೆ ಬೇಕಾದದ್ದು ಮೂರು-ನಾಲ್ಕು ಮಿಲಿಸೆಕೆಂಡ್. ಸೆಕೆಂಡಿನ 1/250ಕ್ಕಿಂತ ವೇಗವಾದ ಶಟರ್ ವೇಗದಲ್ಲಿ ಮೊದಲನೆಯದು ಪೂರ್ತಿ ತೆರೆದುಕೊಳ್ಳುವ ಮುಂಚೆಯೇ ಎರಡನೆಯದು ಹೊರಟಿರುತ್ತದೆ. ಆಗ ಸೆನ್ಸರ್ ಒಟ್ಟಿಗೆ ಬೆಳಕನ್ನು ಕಾಣುವುದಿಲ್ಲ. ಒಂದು ಸೀಳು ಅದರ ಮೇಲೆ ಹಾದು ಹೋಗುತ್ತದೆ, ಅಷ್ಟೆ. ತೆರೆಗಳಲ್ಲಿ ಒಂದು ಸೋತು ನಿಧಾನವಾದರೆ ಸೀಳಿನ ಅಗಲ ದಾರಿಯಲ್ಲಿ ಹೆಚ್ಚುಕಡಿಮೆಯಾಗಿ ಚಿತ್ರದ ಒಂದು ಬದಿ ಕಪ್ಪಾಗುತ್ತದೆ. ಅಂಗಡಿಯವರು ಊಹಿಸಿದ್ದು ಇದನ್ನೇ. ಆದರೆ ಸೋತ ತೆರೆ ಸೋಲುವುದು ಸಾಮಾನ್ಯವಾಗಿ ಒಂದೇ ಬದಿಯಲ್ಲಿ. ಒಂದು ಫ್ರೇಮ್‌ನಲ್ಲಿ ಕೆಳಗೆ, ಮತ್ತೊಂದರಲ್ಲಿ ಮೇಲೆ ಎಂದು ಅದು ಮನಸ್ಸು ಬದಲಿಸುವುದಿಲ್ಲ.

ಹಾಗಾದರೆ ಜಾಗ ಬದಲಿಸುತ್ತಿದ್ದದ್ದು ಏನು? ಬೆಳಕು. ಹಿಂದೆ ರಂಗಸ್ಥಳಕ್ಕೆ ಗ್ಯಾಸ್‌ಲೈಟ್ ಇತ್ತು, ಆಮೇಲೆ ಹ್ಯಾಲೊಜೆನ್ ಬಂತು, ಈಗ ಎಲ್ಲೆಡೆ ಎಲ್‌ಇಡಿ ಫ್ಲಡ್‌ಲೈಟ್. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತ ತಿರುಗುತ್ತದೆ. ಅಗ್ಗದ ಡ್ರೈವರ್ (ದೀಪಕ್ಕೆ ವಿದ್ಯುತ್ತನ್ನು ಹದಮಾಡಿ ಕೊಡುವ ಭಾಗ) ಇರುವ ಎಲ್‌ಇಡಿ ಅದರ ಇಮ್ಮಡಿಯಷ್ಟು, ಅಂದರೆ ಸೆಕೆಂಡಿಗೆ 100 ಬಾರಿ, ಏರಿ ಇಳಿಯುತ್ತದೆ. ಒಂದು ಏರಿಳಿತಕ್ಕೆ 10 ಮಿಲಿಸೆಕೆಂಡ್. ಹ್ಯಾಲೊಜೆನ್‌ನ ತಂತಿ ಕಾದು ಕೆಂಪಾಗಿರುವುದರಿಂದ ಆ ಏರಿಳಿತವನ್ನು ಬಹುಪಾಲು ನುಂಗಿಕೊಳ್ಳುತ್ತಿತ್ತು. ಎಲ್‌ಇಡಿ ನುಂಗುವುದಿಲ್ಲ. ನಮ್ಮ ಕಣ್ಣಿಗೆ ಇದು ತಿಳಿಯುವುದಿಲ್ಲ. 1/500ರಲ್ಲಿ ಸೀಳು ಹೊರಟು ದಾಟಿ ಮುಗಿಯಲು ಐದಾರು ಮಿಲಿಸೆಕೆಂಡ್ ಬೇಕು, ಎಂದರೆ ಮಿನುಗಿನ ಒಂದು ಸುತ್ತಿನ ಅರ್ಧದಷ್ಟು. ಸೀಳು ಚಿತ್ರದ ಮೇಲ್ಭಾಗದಲ್ಲಿದ್ದಾಗ ದೀಪ ಉಜ್ವಲವಾಗಿದ್ದು, ಕೆಳಗೆ ತಲುಪುವಷ್ಟರಲ್ಲಿ ಮಂಕಾಗಿದ್ದರೆ ಚಿತ್ರದಲ್ಲಿ ಅಡ್ಡ ಕತ್ತಲು ಕೂರುತ್ತದೆ. ಗುಂಡಿ ಒತ್ತಿದ ಕ್ಷಣಕ್ಕೆ ತಕ್ಕಂತೆ ಅದರ ಜಾಗ ಬದಲಾಗುತ್ತದೆ.

ಊಹೆ ಸಾಲದು, ಪರೀಕ್ಷೆ ಬೇಕು. ಹತ್ತು ಗಂಟೆಯ ಬಿಸಿಲಿನಲ್ಲಿ ಎದುರುಮನೆಯ ಸುಣ್ಣದ ಗೋಡೆಯನ್ನು ಎಫ್ 4, 1/4000ರಲ್ಲಿ 30 ಸಲ ತೆಗೆದೆ. ಆ ವೇಗದಲ್ಲಿ ಸೀಳಿನ ಅಗಲ ಒಂದು ಮಿಲಿಮೀಟರಿನ ಆಸುಪಾಸು. ತೆರೆಗಳಲ್ಲಿ ಕೂದಲಿನಷ್ಟು ದೋಷವಿದ್ದರೂ ಮೊದಲು ಕಾಣುವುದು ಅಲ್ಲಿ. ಮೂವತ್ತೂ ಫ್ರೇಮ್ ಹಾಲಿನಷ್ಟು ಸಮ. ಇನ್ನು ಅಂಗಡಿಯೊಳಗೆ ಬಂದು ಅಗ್ಗದ ಎಲ್‌ಇಡಿ ಬಲ್ಬಿನ ಕೆಳಗೆ ಅದೇ ಗೋಡೆಬಣ್ಣದ ಹಾಳೆಯನ್ನು 1/500ರಲ್ಲಿ ತೆಗೆದಾಗ ಪಟ್ಟಿ ಹಾಜರು. 1/100ಕ್ಕೆ ಇಳಿಸಿದಾಗ ಮಾಯ, ಏಕೆಂದರೆ ಆಗ ಮಿನುಗಿನ ಒಂದು ಪೂರ್ತಿ ಸುತ್ತು ಪ್ರತಿ ಬಿಂದುವಿಗೂ ಸಿಗುತ್ತದೆ. ನನ್ನ ಸ್ವಂತ ಕ್ಯಾಮೆರಾದಲ್ಲೂ ಅದೇ ಫಲಿತಾಂಶ.

ಆ ಶಟರ್ 86 ಸಾವಿರ ಸಲ ಓಡಿತ್ತು. ಆರೋಗ್ಯವಾಗಿತ್ತು. ಯುವಕನ ಮುಖ ನೋಡಬೇಕಿತ್ತು.

ಕ್ಲಿಕ್ ಆಗದಿರುವುದು

ಎರಡನೆಯ ದೂರು. ಇಲ್ಲಿಯೇ ನಾನು ಎಡವಿದೆ.

ಗುಂಡಿಯನ್ನು ಪೂರ್ತಿ ಒತ್ತಿದರೂ ಕ್ಯಾಮೆರಾ ಸುಮ್ಮನಿರುತ್ತದೆ, ಲೆನ್ಸ್ ಮಾತ್ರ ಮುಂದೆ ಹಿಂದೆ ತಡಕಾಡುತ್ತದೆ ಎಂದು ಅವನು ತೋರಿಸಿದ. ಲೆನ್ಸಿನ ಹಿಂಬದಿಯ ಚಿನ್ನದ ಬಣ್ಣದ ಸಂಪರ್ಕಬಿಂದುಗಳ ಮೇಲೆ ಮಂಕು ಕವಿದಿತ್ತು. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ದಿನನಿತ್ಯದ ಕತೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜುವವರು ಇದ್ದಾರೆ. ರಬ್ಬರಿನ ಪುಡಿ ಒಳಗೆ ಬೀಳುತ್ತದೆ, ಲೇಪನವೂ ಸವೆಯುತ್ತದೆ, ದಯವಿಟ್ಟು ಬೇಡ. ಅದೇ ಕೈಯಲ್ಲಿ, ಯೋಚಿಸದೆ, ಫೋಕಸ್ ವಿಧಾನವನ್ನು ಸಿಂಗಲ್‌ನಿಂದ ಕಂಟಿನ್ಯುಯಸ್‌ಗೆ ಬದಲಿಸಿದೆ. ಸಿಂಗಲ್ ಒಮ್ಮೆ ಫೋಕಸ್ ಹಿಡಿದು ನಿಲ್ಲುತ್ತದೆ, ಕಂಟಿನ್ಯುಯಸ್ ಬಿಡದೆ ಹಿಂಬಾಲಿಸುತ್ತದೆ. ಓಡಾಡುವ ವೇಷಕ್ಕೆ ಅದೇ ಸರಿ ಎಂದು. ಗುಂಡಿ ಒತ್ತಿದೆ. ಕ್ಲಿಕ್, ಕ್ಲಿಕ್, ಕ್ಲಿಕ್. ವಾಸಿಯಾಯಿತು ಎಂದುಕೊಂಡು ಕೊಟ್ಟು ಕಳಿಸಿದೆ.

ಮೂರನೆಯ ದಿನ ಅವನು ಮರಳಿ ಬಂದ. ಕ್ಲಿಕ್ ಆಗಿತ್ತು, ಆಟದ ಉದ್ದಕ್ಕೂ. ಆದರೆ ಹತ್ತರಲ್ಲಿ ಏಳು ಫ್ರೇಮ್ ಮಸುಕು. ಹರಕೆಯಾಟ ಆಡಿಸಿದ ಮನೆಯವರು ಫೋಟೋ ಕೇಳಿದ್ದರು, ಕೊಡಲು ಅವನ ಬಳಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಆ ರಾತ್ರಿ ಮತ್ತೆ ಬರುವುದಿಲ್ಲ. ಇದಕ್ಕೆ ನಾನೇ ಹೊಣೆ, ಅವನಿಗೆ ಹಾಗೆಯೇ ಹೇಳಿದೆ.

ಆದದ್ದೇನೆಂದರೆ, ಸಿಂಗಲ್ ವಿಧಾನದಲ್ಲಿ ಬಹುತೇಕ ಕ್ಯಾಮೆರಾಗಳು ಫೋಕಸ್‌ಗೆ ಮೊದಲ ಮಣೆ ಹಾಕುತ್ತವೆ. ಫೋಕಸ್ ಖಾತ್ರಿಯಾಗುವವರೆಗೆ ಶಟರನ್ನು ಬಿಡುವುದೇ ಇಲ್ಲ. ಕಂಟಿನ್ಯುಯಸ್ ವಿಧಾನದಲ್ಲಿ ಅನೇಕ ಕ್ಯಾಮೆರಾಗಳ ಮೂಲ ಹೊಂದಾಣಿಕೆ ಇದರ ತಿರುವುಮುರುವು, ಗುಂಡಿಗೆ ಮೊದಲ ಮಣೆ. ಫೋಕಸ್ ಸಿಗಲಿ ಬಿಡಲಿ, ಒತ್ತಿದರೆ ಕ್ಲಿಕ್. ಕ್ಯಾಮೆರಾ ಕ್ಲಿಕ್ ಆಗದೆ ಸುಮ್ಮನಿದ್ದಾಗ ಅದು ಹೇಳುತ್ತಿದ್ದದ್ದು ನಿಜವನ್ನೇ: ನನಗೆ ಫೋಕಸ್ ಕಾಣುತ್ತಿಲ್ಲ. ನಾನು ಮಾಡಿದ್ದು ಅದರ ಬಾಯಿ ಮುಚ್ಚಿಸಿದ ಕೆಲಸ. ಒಟ್ಟಿಗೆ ಎರಡನ್ನು ಬದಲಿಸಿದ್ದರಿಂದ ಯಾವುದು ಕೆಲಸ ಮಾಡಿತು ಎಂದು ಕೇಳಿಕೊಳ್ಳುವ ದಾರಿಯೂ ಇರಲಿಲ್ಲ.

ಎಲ್ಲವನ್ನೂ ಮೊದಲಿನಂತೆ ಸಿಂಗಲ್‌ಗೆ ತಂದೆ. ಈ ಸಲ ಒಂದು ಹೆಜ್ಜೆಗೆ ಒಂದೇ ಬದಲಾವಣೆ. ಪೂರ್ತಿ ಚಾರ್ಜ್ ಆದ ನನ್ನ ಬ್ಯಾಟರಿ ಹಾಕಿದೆ, ವ್ಯತ್ಯಾಸವಿಲ್ಲ. ಬೇರೆ ಮೆಮೊರಿ ಕಾರ್ಡ್, ವ್ಯತ್ಯಾಸವಿಲ್ಲ. ಜೂಮ್ ಲೆನ್ಸಿನ ಬದಿಯಲ್ಲಿ ಹತ್ತಿರದ ದೂರವನ್ನು ಕತ್ತರಿಸುವ ಮಿತಿ ಸ್ವಿಚ್ ಇರುತ್ತದೆ. ಅದು ತಪ್ಪು ಕಡೆ ಜರುಗಿದ್ದರೆ ಎದುರಿನಲ್ಲೇ ಕುಳಿತವರ ಮೇಲೆ ಫೋಕಸ್ ನಿಲ್ಲುವುದಿಲ್ಲ. ಅದೂ ಸರಿಯಾಗಿತ್ತು.

ಆಮೇಲೆ ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ: ಲೆನ್ಸಿನ ಸ್ವಿಚ್ಚನ್ನು ಆಟೋದಿಂದ ಮ್ಯಾನ್ಯುವಲ್‌ಗೆ ತಳ್ಳಿ 50 ಸಲ ಒತ್ತಿದೆ. ಫೋಕಸ್ ಪ್ರಶ್ನೆಯೇ ಇಲ್ಲದಾಗ 47 ಸಲ ಕ್ಲಿಕ್ ಆಯಿತು. ಅಂದರೆ ಸಮಸ್ಯೆಯ ದೊಡ್ಡ ಪಾಲು ಆಟೋಫೋಕಸ್‌ನದು.

ಉಳಿದ ಮೂರು ಸಲ? ಸುಮ್ಮನೆ ಬಿಟ್ಟುಬಿಡುವ ಆಸೆಯಾಯಿತು. ಬೆರಳು ಸರಿಯಾಗಿ ಒತ್ತಿರಲಿಕ್ಕಿಲ್ಲ ಎಂದು ಮನಸ್ಸು ಸಮಾಧಾನ ಹೇಳಿತು. ಮೂರು ದಿನದ ಹಿಂದೆ ಇದೇ ಮನಸ್ಸಿನ ಮಾತು ಕೇಳಿ ಕೆಟ್ಟಿದ್ದರಿಂದ ತಂತಿಯ ರಿಮೋಟ್ ಸಿಕ್ಕಿಸಿ ಮತ್ತೆ 50 ಸಲ ಒತ್ತಿದೆ. ಐವತ್ತಕ್ಕೆ ಐವತ್ತು. ಶಟರ್‌ಗೆ ಹೋಗುವ ಸಂದೇಶ ಕೆಡುತ್ತಿದ್ದದ್ದು ಗುಂಡಿಯಲ್ಲೇ. ಶಟರ್ ಗುಂಡಿಯ ಕೆಳಗೆ ಎರಡು ಹಂತದ ಸಂಪರ್ಕವಿದೆ. ಅರ್ಧ ಒತ್ತಿದಾಗ ಮೊದಲನೆಯದು ಕೂಡಿ ಫೋಕಸ್ ಶುರುವಾಗುತ್ತದೆ, ಪೂರ್ತಿ ಒತ್ತಿದಾಗ ಎರಡನೆಯದು ಕೂಡಿ ಶಟರ್ ಬಿಡುಗಡೆಯಾಗುತ್ತದೆ. ಬೆವರು, ಉಪ್ಪುಗಾಳಿ ಸೇರಿ ಇವುಗಳ ಮೇಲೆ ಪದರ ಕಟ್ಟುತ್ತದೆ.

ಮೇಲಿನ ಮುಚ್ಚಳ ಬಿಚ್ಚಿ ಆ ಸಂಪರ್ಕಗಳನ್ನು ಶುಚಿಗೊಳಿಸಿದೆ. ಇದನ್ನು ಓದಿ ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯುವವರಿಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ: ಒಳಗಿನ ಫ್ಲ್ಯಾಶ್‌ನ ಕೆಪಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ಬಹಳ ಹೊತ್ತು ಜೀವಂತ. ಮುಚ್ಚಳ ಬಿಚ್ಚುವುದು ಹವ್ಯಾಸದ ಕೆಲಸವಲ್ಲ. ಗುಂಡಿಯೇ ಕೆಟ್ಟಿದೆಯೆಂದು ರಿಮೋಟ್‌ನಿಂದ ಖಚಿತಪಡಿಸಿಕೊಳ್ಳಿ, ಉಳಿದದ್ದನ್ನು ಬಲ್ಲವರ ಕೈಗೆ ಕೊಡಿ.

ಚೌಕಿಯ ಬಿಳಿ ಹುಡಿ

ಈಗ ಆಟೋಫೋಕಸ್. ಬಿಸಿಲಿಗೆ ಹಿಡಿದ ದಿನಪತ್ರಿಕೆಯ ತಲೆಬರಹದ ಮೇಲೆ ಅದು ತಟ್ಟನೆ ನಿಂತಿತು. ಕಿಟಕಿ ಮುಚ್ಚಿ ಕೋಣೆಯನ್ನು ಮಂಕು ಮಾಡಿದಾಗ ತಡಕಾಟ ಶುರು. ಅವನ 50 ಎಂಎಂ ಲೆನ್ಸನ್ನು ನನ್ನ ಕ್ಯಾಮೆರಾಕ್ಕೆ ಹಾಕಿದೆ, ಅದೇ ಮಂಕಿನಲ್ಲಿ ನಿಂತಿತು. ನನ್ನ ಲೆನ್ಸನ್ನು ಅವನ ಕ್ಯಾಮೆರಾಕ್ಕೆ ಹಾಕಿದೆ, ತಡಕಾಡಿತು. ಹೀಗೆ ಲೆನ್ಸುಗಳು ನಿರ್ದೋಷಿಗಳಾದವು, ದೋಷ ಬಾಡಿಯಲ್ಲಿ ಉಳಿಯಿತು. ಜೊತೆಗೆ ಇನ್ನೊಂದು ವಿಷಯ ಕಂಡಿತು. ಕಣ್ಣಿಟ್ಟು ನೋಡುವ ಕಿಂಡಿಯಾದ ವ್ಯೂಫೈಂಡರ್ ಬಿಟ್ಟು ಲೈವ್ ವ್ಯೂನಲ್ಲಿ, ಹಿಂಬದಿಯ ಪರದೆ ನೋಡಿಕೊಂಡು ಫೋಕಸ್ ಮಾಡಿದಾಗ ನಿಧಾನವಾಗಿಯಾದರೂ ಸರಿಯಾಗಿ ನಿಲ್ಲುತ್ತಿತ್ತು.

ಡಿಎಸ್‌ಎಲ್‌ಆರ್ ಒಳಗೆ ಫೋಕಸ್‌ಗೆ ಎರಡು ದಾರಿಗಳಿವೆ. ವ್ಯೂಫೈಂಡರ್‌ನಲ್ಲಿ ನೋಡುವಾಗ ಲೆನ್ಸಿನಿಂದ ಬಂದ ಬೆಳಕು 45 ಡಿಗ್ರಿ ಓರೆಯಾದ ಮುಖ್ಯ ಕನ್ನಡಿಗೆ ಬಡಿದು ಮೇಲಕ್ಕೆ ಹೋಗುತ್ತದೆ. ಆ ಕನ್ನಡಿಯ ನಡುಭಾಗ ಅರೆಪಾರದರ್ಶಕ. ಅಲ್ಲಿಂದ ನುಸುಳಿದ ಬೆಳಕು ಅದರ ಬೆನ್ನಿಗಿರುವ ಪುಟ್ಟ ಉಪಕನ್ನಡಿಗೆ ತಗುಲಿ ಕೆಳಕ್ಕೆ, ಕನ್ನಡಿಕೋಣೆಯ ನೆಲದಲ್ಲಿರುವ ಫೋಕಸ್ ಘಟಕಕ್ಕೆ ಇಳಿಯುತ್ತದೆ. ಲೆನ್ಸಿನ ಎರಡು ಬದಿಗಳಿಂದ ಬಂದ ಎರಡು ಚಿತ್ರಗಳನ್ನು ಆ ಘಟಕ ಹೋಲಿಸುತ್ತದೆ, ನಮ್ಮ ಎರಡು ಕಣ್ಣುಗಳು ದೂರ ಅಳೆಯುವಂತೆ. ಎರಡರ ನಡುವಿನ ಅಂತರದಿಂದ ಲೆನ್ಸ್ ಯಾವ ಕಡೆಗೆ, ಎಷ್ಟು ತಿರುಗಬೇಕು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. 1985ರಲ್ಲಿ ಮಿನೋಲ್ಟಾ 7000 ಈ ಏರ್ಪಾಡನ್ನು ಬಾಡಿಯೊಳಗೇ ಕೂರಿಸಿ ಮಾರುಕಟ್ಟೆಯಲ್ಲಿ ಗೆದ್ದಿತು. ಆಮೇಲೆ ಎಸ್‌ಎಲ್‌ಆರ್‌ಗಳೆಲ್ಲ ಅದೇ ದಾರಿ ಹಿಡಿದವು. ಲೈವ್ ವ್ಯೂನಲ್ಲಿ ಕನ್ನಡಿ ಮೇಲೆದ್ದಿರುತ್ತದೆ. ಈ ಮಾದರಿಯಲ್ಲಿ ಆಗ ಚಿತ್ರ ತೆಗೆಯುವ ಸೆನ್ಸರೇ ಲೆನ್ಸನ್ನು ಹಿಂದೆ ಮುಂದೆ ಸರಿಸಿ ಯಾವಾಗ ಚಿತ್ರ ಅತಿ ಹರಿತ ಎಂದು ನೋಡುತ್ತದೆ. ನಿಧಾನ, ಆದರೆ ಫೋಟೋ ಬೀಳುವ ಜಾಗದಲ್ಲೇ ಅಳೆಯುವುದರಿಂದ ಮೋಸವಿಲ್ಲ.

ಲೈವ್ ವ್ಯೂ ಸರಿ, ವ್ಯೂಫೈಂಡರ್ ತಪ್ಪು ಎಂದಾಗ ತಪ್ಪು ಇರಬೇಕಾದದ್ದು ಕನ್ನಡಿ, ಉಪಕನ್ನಡಿ, ನೆಲದ ಘಟಕ, ಈ ಮೂರರ ನಡುವೆ. ಸೆನ್ಸರ್ ಶುಚಿಗೊಳಿಸುವ ಆಯ್ಕೆಯಿಂದ ಕನ್ನಡಿಯನ್ನು ಮೇಲೆತ್ತಿ ನಿಲ್ಲಿಸಿ, ಟಾರ್ಚ್ ಹಿಡಿದು ಒಳಗೆ ಬಗ್ಗಿ ನೋಡಿದೆ. ಕಪ್ಪು ಕೋಣೆಯ ನೆಲದಲ್ಲಿ ಬೆರಳ ಉಗುರಿನಷ್ಟು ಗಾಜಿನ ಕಿಟಕಿ. ಅದರ ಮೇಲೆ ಬೆಳ್ಳಗೆ ನುಣ್ಣನೆಯ ಹುಡಿ, ಮಳೆಗಾಲಕ್ಕೆ ಮುಂಚೆ ಕಿಟಕಿಯ ಗಾಜಿನ ಮೇಲೆ ಕೂರುವ ಧೂಳಿನಂತೆ, ಆದರೆ ಇನ್ನೂ ಬಿಳಿ.

"ಲೆನ್ಸ್ ಎಲ್ಲಿ ಬದಲಿಸುತ್ತೀಯ?" ಎಂದು ಕೇಳಿದೆ.

"ಚೌಕಿಯಲ್ಲಿ," ಎಂದ.

ಚೌಕಿ ಎಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ. ಅದನ್ನು ಕಂಡವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ. ಸಾಲಾಗಿ ಕುಳಿತ ಕಲಾವಿದರು, ಅವರವರ ಕನ್ನಡಿ, ಬಣ್ಣದ ಬಟ್ಟಲು, ಮುಖದ ಬಣ್ಣ ನಿಲ್ಲಲೆಂದು ಮೇಲೆ ತಟ್ಟುವ ಪೌಡರ್. ಒಂದು ಬಲ್ಬಿನ ಬೆಳಕಿನಲ್ಲಿ ಆ ಹುಡಿ ಗಾಳಿಯಲ್ಲಿ ತೇಲುವುದು ಕಣ್ಣಿಗೇ ಕಾಣುತ್ತದೆ. ಅಲ್ಲಿ ಬಾಯಿ ತೆರೆದ ಕ್ಯಾಮೆರಾವನ್ನು ಮೇಲ್ಮುಖ ಮಾಡಿ ಹಿಡಿದು ಲೆನ್ಸ್ ಬದಲಿಸಿದರೆ ಹುಡಿ ನೇರ ಒಳಕ್ಕೆ. ಅವನಿಗೆ ಚೌಕಿ ಎಂದರೆ ಪ್ರೀತಿ, ಅಲ್ಲಿಯೇ ಅವನ ಅತ್ಯುತ್ತಮ ಚಿತ್ರಗಳು ಹುಟ್ಟಿದ್ದವು. ಅಲ್ಲಿಗೆ ಹೋಗಬೇಡ ಎಂದು ಹೇಳುವ ಮನಸ್ಸು ನನಗಾಗಲಿಲ್ಲ. ಲೆನ್ಸ್ ಬದಲಿಸುವುದಾದರೆ ಹೊರಗೆ ಬಂದು, ಗಾಳಿಗೆ ಬೆನ್ನು ಮಾಡಿ, ಕ್ಯಾಮೆರಾದ ಬಾಯಿ ನೆಲ ನೋಡುವಂತೆ ಹಿಡಿದು ಬದಲಿಸು ಎಂದೆ.

ಕ್ಯಾಮೆರಾವನ್ನು ಬೋರಲು ಹಿಡಿದು ರಬ್ಬರ್ ಬಲ್ಬಿನ ಬ್ಲೋವರ್‌ನಿಂದ ಹತ್ತಾರು ಸಲ ಊದಿದೆ. ಡಬ್ಬಿಯ ಒತ್ತಡದ ಗಾಳಿ ಬಳಸಲಿಲ್ಲ, ಅದರಿಂದ ದ್ರವ ಚಿಮ್ಮುತ್ತದೆ. ಬಾಯಿಯಿಂದ ಊದಿದರೆ ಎಂಜಲಿನ ಹನಿ. ಉಳಿದ ತೆಳು ಪದರವನ್ನು ನುಣುಪು ಬ್ರಷ್‌ನಿಂದ ಮುಟ್ಟಿಯೂ ಮುಟ್ಟದಂತೆ ತೆಗೆದೆ.

ಮಂಕು ಕೋಣೆಯಲ್ಲಿ ಮತ್ತೆ ಪರೀಕ್ಷೆ. ಫೋಕಸ್ ಹಿಡಿಯುವ ಬಿಂದುಗಳಲ್ಲಿ ನಡುಬಿಂದು ಎರಡನೆಯ ಪ್ರಯತ್ನಕ್ಕೂ ಕಾಯದೆ ನಿಂತಿತು. ಅಂಚಿನ ಬಿಂದುಗಳು ಬಾಗಿಲ ಅಡ್ಡಪಟ್ಟಿಯ ಮೇಲೆ ಇನ್ನೂ ಒದ್ದಾಡುತ್ತಿದ್ದವು. ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿದಾಗ ಅವೂ ನಿಂತವು. ಇದು ರೋಗವಲ್ಲ. ಈ ದರ್ಜೆಯ ಅನೇಕ ಕ್ಯಾಮೆರಾಗಳಲ್ಲಿ ನಡುವಿನ ಬಿಂದುವಷ್ಟೇ ಅಡ್ಡ, ಉದ್ದ ಎರಡೂ ಗೆರೆಗಳನ್ನು ಕಾಣುವಂಥದು, ಅಂಚಿನವು ಒಂದೇ ದಿಕ್ಕಿನ ಗೆರೆಯನ್ನು ಹಿಡಿಯುತ್ತವೆ. ರಂಗದ ಮಂದ ಬೆಳಕಿನಲ್ಲಿ ನಡುಬಿಂದುವನ್ನೇ ನೆಚ್ಚಿಕೊಳ್ಳುವುದು ಕ್ಷೇಮ.

ಅಳತೆಪಟ್ಟಿಯ ಸಾಕ್ಷಿ

ಇಷ್ಟಾದರೂ ಅವನನ್ನು ಕಳಿಸಲಿಲ್ಲ. ಕಣ್ಣು ಮಸುಕಾಗುವ ಮೂರನೆಯ ದೂರು ಬಾಕಿಯಿತ್ತು. ಮಸುಕು ಚಿತ್ರಗಳನ್ನು ಮತ್ತೆ ತೆರೆದು ಈ ಸಲ ಮುಖ ಬಿಟ್ಟು ಸುತ್ತಲಿನದನ್ನು ನೋಡಿದೆ. ವೇಷದ ಕಣ್ಣು ಮಸುಕು, ಆದರೆ ವೇಷಧಾರಿಯ ಮುಂದೆ ಅರ್ಧ ಮೀಟರ್ ದೂರದಲ್ಲಿದ್ದ ಹಾಸಿನ ಅಂಚಿನ ನೂಲು ನೂಲೂ ಹರಿತ. ಕೈ ನಡುಗಿದ್ದರೆ ಇಡೀ ಚಿತ್ರ ಅಲುಗಿರಬೇಕಿತ್ತು. ಇಲ್ಲಿ ಹರಿತ ಇದೆ, ತಪ್ಪು ಜಾಗದಲ್ಲಿದೆ.

ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ, ಒಂದು ಮೀಟರ್ ದೂರದಲ್ಲಿ ಅಕ್ಷರ ಅಚ್ಚಾದ ರಟ್ಟನ್ನು ನೇರ ನಿಲ್ಲಿಸಿ, ಅದರ ಪಕ್ಕ ಶಾಲೆಯ ಅಳತೆಪಟ್ಟಿಯನ್ನು 45 ಡಿಗ್ರಿ ಓರೆಯಾಗಿಟ್ಟೆ. ಲೆನ್ಸ್ ಎಫ್ 1.8ರಲ್ಲಿ ಪೂರ್ತಿ ತೆರೆದಿತ್ತು. ಪ್ರತಿ ಸಲವೂ ಕೈಯಿಂದ ಫೋಕಸ್ ಕೆಡಿಸಿ, ಮತ್ತೆ ಹಿಡಿಸಿ, ವ್ಯೂಫೈಂಡರ್‌ನಿಂದ ಹತ್ತು ಫ್ರೇಮ್, ಲೈವ್ ವ್ಯೂನಿಂದ ಹತ್ತು ಫ್ರೇಮ್ ತೆಗೆದೆ. ಲೈವ್ ವ್ಯೂನ ಹತ್ತರಲ್ಲೂ ರಟ್ಟು ಹರಿತ. ವ್ಯೂಫೈಂಡರ್‌ನ ಹತ್ತರಲ್ಲಿ ಒಂಬತ್ತು, ರಟ್ಟಿಗಿಂತ ಸುಮಾರು ಮೂರು ಸೆಂಟಿಮೀಟರ್ ಮುಂದೆ. ಒಂದು ಮೀಟರಿಗೆ ಮೂರು ಸೆಂಟಿಮೀಟರ್ ಎಂದರೆ ಅಷ್ಟೇ ತಾನೆ ಎನ್ನಿಸಬಹುದು. ಈ ತಪ್ಪು ದೂರದ ವರ್ಗದಂತೆ ಬೆಳೆಯುತ್ತದೆ. ಐದು ಮೀಟರಿನ ರಂಗಸ್ಥಳಕ್ಕೆ ಅದು ಮುಕ್ಕಾಲು ಮೀಟರಿನ ಹತ್ತಿರ ಹೋಗುತ್ತದೆ.

ಜೂಮ್ ಲೆನ್ಸ್ ಹಾಕಿ ನೋಡಿದೆ, ಅದೂ ಮುಂದಕ್ಕೇ. ನನ್ನ ಲೆನ್ಸೂ ಮುಂದಕ್ಕೇ. ಒಂದೇ ಲೆನ್ಸ್ ತಪ್ಪಿದ್ದರೆ ಲೆನ್ಸನ್ನು ಅನುಮಾನಿಸಬಹುದಿತ್ತು. ಎಲ್ಲವೂ ಒಂದೇ ದಿಕ್ಕಿಗೆ ತಪ್ಪಿದರೆ ಬಾಡಿ. ಉಪಕನ್ನಡಿ ನಿಲ್ಲಬೇಕಾದ ಕೋನದಿಂದ ಕೂದಲಿನಷ್ಟು ಸರಿದಿದ್ದರೂ ನೆಲದ ಘಟಕ ತಪ್ಪು ದೂರವನ್ನೇ ಸರಿ ಎಂದು ನಂಬುತ್ತದೆ.

"ಕ್ಯಾಮೆರಾ ಬಿದ್ದಿತ್ತಾ?" ಎಂದು ಕೇಳಿದೆ. ಇಲ್ಲ ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನಾಗಿಯೇ ಹೇಳಿದ: ದೀಪಾವಳಿಗೆ ಮುಂಚೆ ವ್ಯೂಫೈಂಡರ್‌ನಲ್ಲಿ ಕಸ ಕಂಡಿತ್ತು, ಕಿವಿ ಶುಚಿ ಮಾಡುವ ಹತ್ತಿಕಡ್ಡಿಯಿಂದ ಕನ್ನಡಿಯನ್ನೂ ಅದರ ಹಿಂದಿನದನ್ನೂ ಒರೆಸಿದ್ದೆ. ಅವನು ತಲೆ ತಗ್ಗಿಸಿದ್ದ. ಅದಕ್ಕೆ ತಲೆ ತಗ್ಗಿಸಬೇಕಾಗಿಲ್ಲ, ತಿಳಿಸಿ ಹೇಳುವವರು ಅವನಿಗೆ ಸಿಕ್ಕಿರಲಿಲ್ಲ. ವ್ಯೂಫೈಂಡರ್‌ನಲ್ಲಿ ಕಾಣುವ ಕಸ ಫೋಟೋದಲ್ಲಿ ಬರುವುದಿಲ್ಲ. ಅದಕ್ಕಾಗಿ ಕನ್ನಡಿ ಮುಟ್ಟುವ ಅಗತ್ಯವೇ ಇಲ್ಲ. ಈ ಕನ್ನಡಿಗಳ ಲೇಪನ ಮನೆಯ ಕನ್ನಡಿಯಂತೆ ಗಾಜಿನ ಹಿಂದಿಲ್ಲ, ಮೇಲ್ಮೈಯಲ್ಲೇ ಇದೆ, ಹತ್ತಿಯೂ ಗೀರುತ್ತದೆ. ಉಪಕನ್ನಡಿಯ ತಿರುಗಣಿ ಒಂದು ಬೆರಳಿನ ಒತ್ತಡವನ್ನೂ ತಾಳಲಾರದು.

ಉಪಕನ್ನಡಿಯ ನಿಲುಗಡೆಯನ್ನು ಹೊಂದಿಸುವುದಕ್ಕೆ ಕಣ್ಣಂದಾಜು ಸಾಲದು, ಅಳೆಯುವ ಉಪಕರಣ ಬೇಕು. ಅದು ನನ್ನಲ್ಲಿಲ್ಲ. ಸರ್ವಿಸ್ ಕೇಂದ್ರಕ್ಕೆ ಕಳಿಸಿದರೆ ವಾರಗಟ್ಟಲೆ. ತಿರುಗಾಟ ಮುಗಿಯುವವರೆಗೆ ತಾತ್ಕಾಲಿಕ ಉಪಾಯವೊಂದಿತ್ತು: ಮೆನುವಿನಲ್ಲಿ ಪ್ರತಿ ಲೆನ್ಸಿಗೂ ಫೋಕಸನ್ನು ಹಿಂದೆ ಮುಂದೆ 20 ಮೆಟ್ಟಿಲುಗಳವರೆಗೆ ತಿದ್ದುವ ಸೂಕ್ಷ್ಮ ಹೊಂದಾಣಿಕೆ. ಮುಂದಕ್ಕೆ ಬೀಳುತ್ತಿದ್ದ ಫೋಕಸನ್ನು ಹಿಂದಕ್ಕೆ ತಳ್ಳಲು ಕೂಡು (+) ದಿಕ್ಕಿಗೆ ಹೋಗಬೇಕು. 50 ಎಂಎಂಗೆ ಕೂಡು 11, ಜೂಮ್‌ಗೆ 200ರ ತುದಿಯಲ್ಲಿ ಪರೀಕ್ಷಿಸಿ ಕೂಡು 8. ಅಳತೆಪಟ್ಟಿಯ ಮೇಲೆ ಹತ್ತರಲ್ಲಿ ಹತ್ತೂ ರಟ್ಟಿನ ಮೇಲೆ ಬಂದು ನಿಂತವು.

ರಂಗಸ್ಥಳದಲ್ಲಿ

ಆ ವಾರ ನಾನೂ ಅವನ ಜೊತೆ ಆಟಕ್ಕೆ ಹೋದೆ. ಒಮ್ಮೆ ತಪ್ಪಿ ಕಳಿಸಿದ ಮೇಲೆ ಕಣ್ಣಾರೆ ನೋಡದೆ ಬಿಡುವಂತಿರಲಿಲ್ಲ. ಗದ್ದೆಯ ಕೊಯ್ಲಾಗಿ ಹುಲ್ಲು ಉಳಿದಿತ್ತು, ಚಳಿ ಇತ್ತು. ಚೆಂಡೆಯ ಸದ್ದು ಏರುತ್ತಿದ್ದಂತೆ ವೇಷ ಮಂಡಿ ಹಾಕಿ ಸುತ್ತತೊಡಗಿತು. ಅವನು ಕಂಟಿನ್ಯುಯಸ್ ವಿಧಾನದಲ್ಲಿ, ನಡುಬಿಂದುವಿನಲ್ಲಿ, ಉಸಿರು ಹಿಡಿದು ಒತ್ತುತ್ತಿದ್ದ. ಈಗ ಆ ವಿಧಾನಕ್ಕೆ ಅರ್ಥವಿತ್ತು, ಏಕೆಂದರೆ ಈಗ ಫೋಕಸ್ ಸಿಗುತ್ತಿತ್ತು.

ಕಪ್ಪು ಪಟ್ಟಿಗೆ ಮಾತ್ರ ಪೂರ್ತಿ ಔಷಧವಿಲ್ಲ. ಮಾತಿನ ಪ್ರಸಂಗಗಳಲ್ಲಿ, ಅರ್ಥಗಾರಿಕೆಗೆ ನಿಂತಾಗ 1/100ರಲ್ಲಿ ತೆಗೆದರೆ ಪಟ್ಟಿ ಇರುವುದಿಲ್ಲ. ಕುಣಿತಕ್ಕೆ ಆ ವೇಗ ಸಾಲದು, 1/500 ಬೇಕು. ಆಗ ಒಂದರ ಹಿಂದೊಂದು ಐದಾರು ಫ್ರೇಮ್ ತೆಗೆದು, ದೀಪ ಉಜ್ವಲವಾಗಿದ್ದಾಗ ಬಿದ್ದದ್ದನ್ನು ಆರಿಸಿಕೊಳ್ಳಬೇಕು. 2014ರಲ್ಲಿ ಬಂದ ಕ್ಯಾನನ್ 7ಡಿ ಮಾರ್ಕ್ 2ರಿಂದ ಮುಂದಕ್ಕೆ ಕೆಲವು ಕ್ಯಾಮೆರಾಗಳು ಮಿನುಗನ್ನು ತಾವೇ ಅಳೆದು, ಬೆಳಕು ಏರಿದ ಕ್ಷಣಕ್ಕೆ ಶಟರ್ ಬಿಡುತ್ತವೆ. ಅವನದರಲ್ಲಿ ಆ ಸೌಲಭ್ಯವಿಲ್ಲ. ಕನ್ನಡಿಯಿಲ್ಲದ ಹೊಸ ಕ್ಯಾಮೆರಾ ಕೊಂಡರೆ ಉಪಕನ್ನಡಿಯ ತೊಂದರೆ ಇರುವುದಿಲ್ಲ, ನಿಜ. ಆದರೆ ಅದರಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಇದೇ ದೀಪದ ಕೆಳಗೆ ಪಟ್ಟಿಗಳು ಇನ್ನೂ ಹೆಚ್ಚಾಗಬಹುದು.

ಆ ರಾತ್ರಿ ಇನ್ನೊಂದು ಪ್ರಯತ್ನ ಮಾಡಿದೆವು. ಆಟದ ಮನೆಗೆ ಮೂರು ಫೇಸ್ ಸಂಪರ್ಕವಿತ್ತು. ವಿದ್ಯುತ್ ಕೆಲಸದವರನ್ನು ಕೇಳಿಕೊಂಡಾಗ, ಒಂದೇ ಫೇಸಿನಲ್ಲಿದ್ದ ಎರಡು ಫ್ಲಡ್‌ಲೈಟ್‌ಗಳಲ್ಲಿ ಒಂದನ್ನು ಅವರು ಬೇರೆ ಫೇಸಿಗೆ ಹಾಕಿಕೊಟ್ಟರು. ಬೇರೆ ಬೇರೆ ಫೇಸುಗಳ ಏರಿಳಿತ ಒಂದೇ ಹೊತ್ತಿಗೆ ಆಗದ್ದರಿಂದ ಒಂದು ದೀಪ ಇಳಿಯುವಾಗ ಮತ್ತೊಂದು ಏರುತ್ತದೆ. ಪಟ್ಟಿ ಪೂರ್ತಿ ಹೋಗಲಿಲ್ಲ, ಕತ್ತಲು ತಿಳಿಯಾಯಿತು. ಬೆಳಗಿನ ಜಾವ ಮಂಗಳ ಹಾಡುವ ಹೊತ್ತಿಗೆ ಅವನು ಕ್ಯಾಮೆರಾದ ಪರದೆಯನ್ನು ನನ್ನ ಮುಂದೆ ಹಿಡಿದ. ಸುತ್ತುತ್ತಿದ್ದ ವೇಷದ ಸೆರಗು ಗಾಳಿಯಲ್ಲಿ ಚಕ್ರವಾಗಿತ್ತು, ಮುಖ ನಮ್ಮ ಕಡೆ ತಿರುಗಿದ ಆ ಗಳಿಗೆಯಲ್ಲಿ ಕಣ್ಣಿನ ಕಾಡಿಗೆಯ ಅಂಚು ಕತ್ತಿಯಷ್ಟು ಹರಿತ.

ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ, ಕ್ಯಾಮೆರಾ ಸರ್ವಿಸ್ ಕೇಂದ್ರಕ್ಕೆ ಹೋಯಿತು. ಉಪಕನ್ನಡಿಯನ್ನು ಹೊಂದಿಸಿ ಕಳಿಸಿದರು. ಮರುದಿನವೇ ಅವನ ಕರೆ, ಗಾಬರಿಯ ದನಿ: ಈಗ ಎಲ್ಲ ಚಿತ್ರಗಳೂ ಹಿಂದಕ್ಕೆ ಫೋಕಸ್ ಆಗುತ್ತಿವೆ. ಮೆನುವಿನಲ್ಲಿ ಆ 11 ಮತ್ತು 8 ಇನ್ನೂ ಹಾಗೆಯೇ ಇವೆಯೇ ನೋಡು ಎಂದೆ. ಇದ್ದವು. ಎರಡನ್ನೂ ಸೊನ್ನೆಗೆ ತಂದು, ಅಳತೆಪಟ್ಟಿಯನ್ನು ಓರೆಯಾಗಿಟ್ಟು, ಹತ್ತು ಫ್ರೇಮ್ ತೆಗೆದು ಕಳಿಸಿದ. ಹತ್ತರಲ್ಲೂ ರಟ್ಟಿನ ಅಕ್ಷರ ಹರಿತವಾಗಿತ್ತು.